ಟಿವಿಗಿ ಫೋರ್‌ಕೆ, ಅಮ್ಮಗ ಹಳೇ ಮಾನಿಟರು

ಹೋದ ಶುಕ್ರವಾರ ಅರಿಶಿಣ-ಕುಂಕುಮಕ್ಕ ಹೋದಾಗ ಒಬ್ಬರು ವೈನಿ ಎಲ್ಲಾರ ಮುಂದ ಕೇಳೇಬಿಟ್ರು. "ಏನ್ರಿ ಅಕ್ಕೋರೆ, ಭಿಶಿ ಎತ್ತಿದ ರೊಕ್ಕ ಪೂರಾ ಕಂಪ್ಯೂಟರಿನ ಸ್ಕ್ರೀನಿಗಿ ಹಾಕಿದ್ರಂತಲ್ಲ? ಹಳೇದು ನಡೀತಿತ್ತಂತ, ಕೆಟ್ಟಿದ್ದಿಲ್ಲಂತ. ಈ ವಯಸ್ಸಿನಾಗ ನಿಮಗ್ಯಾಕ ಬೇಕಾಗಿತ್ರಿ?" ಬಾಜೂಕ ಕುಂತವರು ನಕ್ಕರು. ನಾನೂ ನಕ್ಕೆ. ಮನಿಗಿ ಬಂದು ಸೀರಿ ಬದಲಿ ಮಾಡೋ ಹೊತ್ತಿಗಿ ಆ ನಗು ನನಗ ನುಂಗಲಾಗಲಿಲ್ಲ. ಅಲ್ಲೇ ಹೇಳಬೇಕಾಗಿದ್ದ ಮಾತು ಇಲ್ಲಿ ಬರೀಲಾಕತ್ತೀನಿ. ಆ ವೈನಿನೂ ಇದನ್ನ ಓದ್ತಾರ, ನನಗ ಗೊತ್ತದ. ಸಿಟ್ಟಿಗಿ ಬರಬ್ಯಾಡ್ರಿ ವೈನಿ, ನಿಮ್ಮ ಮನ್ಯಾಗೂ ಇದೇ ನಡದದ.

ಹೌದ್ರಿ, ಹಾಕೀನಿ. 22,000 ರೂಪಾಯಿ. 27 ಇಂಚಿನ ಫೋರ್‌ಕೆ ಮಾನಿಟರ್. ಮಗನ ಆಟಕ್ಕಲ್ಲ, ನಮ್ಮನಿಯವರ ಶೇರು ಮಾರ್ಕೆಟಿಗಲ್ಲ, ನನಗ. ನಾ ಕನ್ನಡ ಓದ್ತೀನಿ, ಕನ್ನಡ ಬರೀತೀನಿ, ಅದಕ್ಕ. ಮನ್ಯಾಗ ಛಲೋ ಸ್ಕ್ರೀನ್ ಯಾರಿಗರ ಬೇಕಾಗಿದ್ರ ಅದು ಕನ್ನಡ ಓದೋರಿಗೇ ಮೊದಲ ಬೇಕು ಅಂತ ನನ್ನ ವಾದ. ಇಂಗ್ಲಿಷ್ ಓದೋರಿಗಿ ಹಳೇದು ನಡೀತದ, ನಮಗ ನಡ್ಯಂಗಿಲ್ಲ. ಸುಮ್ಮ ಹಠಕ್ಕ ಹೇಳ್ಲಾಕತ್ತಿಲ್ಲ, ಲೆಕ್ಕ ಕೊಡ್ತೀನಿ.

ಮೊದಲ ಹಳೇದರ ಕತಿ ಹೇಳ್ತೀನಿ. ಮಗ ಇಂಜಿನಿಯರಿಂಗ್ ಸೇರಿದಾಗ, 2014ರಾಗ, ತಗೊಂಡ ಕಂಪ್ಯೂಟರ್ ಅದು. 18.5 ಇಂಚಿನ ಮಾನಿಟರ್. ಮಗ ನೌಕರಿಗಿ ಹೋಗೋವಾಗ ಲ್ಯಾಪ್‌ಟಾಪ್ ತಗೊಂಡ, "ಇದು ಅಮ್ಮಗ ಇರ್ಲಿ" ಅಂದ. ನಮ್ಮ ಮನ್ಯಾಗಿನ ರೂಢಿ ನಿಮಗ ಹೇಳಬೇಕಾಗಿಲ್ಲ. ಅಪ್ಪ ಹೊಸ ಫೋನ್ ತಗೊಂಡ್ರ ಅವರದು ಮಗಗ, ಮಗಂದು ಮಗಳಿಗಿ, ಮಗಳದು ಕಾಚು ಒಡದ ಮ್ಯಾಲ ಅಮ್ಮಗ. ಕಡೀ ರೊಟ್ಟಿ, ಹೊತ್ತಿದ ರೊಟ್ಟಿ ಅಮ್ಮಗ. ಹಂಗೇ ಆ ಮಾನಿಟರೂ ಅಮ್ಮಗ ಬಂತು. ನಾನೂ ಖುಷಿಪಟ್ಟೆ ಅನ್ರಿ. ಕಿರಾಣಿ ಲೆಕ್ಕ, ಭಿಶಿ ಲೆಕ್ಕ, ಮಹಿಳಾ ಮಂಡಳದ ವರದಿ, ಆಮ್ಯಾಲ ಈ ಬರಹ, ಎಲ್ಲಾ ಅದರ ಮ್ಯಾಲೇ ನಡೀತು.

ಬರಬರತಾ ಕಣ್ಣು ಸೋಲ್ಲಾಕತ್ತಿದ್ವು. ಸಂಜಿಗಿ ತಲಿ ನೋವು. ನಮ್ಮನಿಯವರು ಅಂದ್ರು, "ಧೂಳು ಕುಂತದ, ಒರಿಸು." ನಮ್ಮ ಆದಿತ್ಯನಗರದಾಗ ಏನು ಕಾಣಲಿಲ್ಲಂದ್ರೂ ಧೂಳಿನ ಮ್ಯಾಲ ಹಾಕೋದು ರೂಢಿ. ಒರಿಸಿದೆ. ಧೂಳು ಹೋಯ್ತು, ಅಕ್ಷರ ಹಂಗೇ ಇದ್ವು. ಕಲಬುರಗಿಗಿ ಹೋಗಿ ಕಣ್ಣಿನ ಡಾಕ್ಟರಿಗಿ ತೋರಿಸಿದೆ. ಅವರು ಒಂದು ಛಲೋ ಮಾತು ಹೇಳಿದ್ರು. ನಮ್ಮ ವಯಸ್ಸಿನವರ ಓದೋ ಚಶ್ಮಾದ ನಂಬರು ಪುಸ್ತಕ ಹಿಡಿಯೋ ದೂರಕ್ಕ ಮಾಡಿದ್ದು, ಕಂಪ್ಯೂಟರ್ ಇರೋದು ಅದಕಿಂತ ದೂರ, ಒಂದು ಕೈ ಅಳತಿಗಿ. ಅದಕ್ಕ ಬ್ಯಾರೆ ನಂಬರು ಬೇಕಂತ. ಮಾಡಿಸ್ಕೊಂಡೆ. ಅದರಿಂದ ಅರ್ಧ ತ್ರಾಸ ಕಮ್ಮಿ ಆಯ್ತು, ಸುಳ್ಳು ಹೇಳಬಾರದು. ಮಾನಿಟರ್ ತಗೊಳ್ಳೋ ಮೊದಲ ಎಲ್ಲಾರೂ ಇದನ್ನ ಮಾಡ್ರಿ. ಚಶ್ಮಾದ ಅಂಗಡಿಯಾಗ ನೀಲಿ ಬೆಳಕು ತಡೀತದಂತ ಹೇಳಿ ಎರಡು ಸಾವಿರ ಹೆಚ್ಚಿಗಿ ಕೇಳ್ತಾರ, ಅದಕ್ಕ ಮಾತ್ರ ಬೀಳಬ್ಯಾಡ್ರಿ. 2023ರಾಗ ಕಾಕ್ರೇನ್ ಅನ್ನೋ ಸಂಸ್ಥಾದವರು ಆ ತನಕ ಆದ ಪರೀಕ್ಷಾ ಎಲ್ಲಾ ಕೂಡಿಸಿ ನೋಡಿ, ಆ ಕಾಚಿನಿಂದ ಕಣ್ಣಿನ ದಣಿವು ಕಮ್ಮಿ ಆಗೋದು ಕಾಣ್ಸಿಲ್ಲಂತ ಬರದಾರ.

ಉಳಿದ ಅರ್ಧ ತ್ರಾಸ ಎಲ್ಲಿಂದ ಬಂತು ಅನ್ನೋದು ಒಂದು ಕಾಗದದ ಮ್ಯಾಲ ಗೊತ್ತಾಯ್ತು, ಭಾಳ ಕೆಟ್ಟ ರೀತಿಲೆ.

ನಮ್ಮ ತವರುಮನಿ ಹೊಲದ ವಾಟ್ನಿ ಪತ್ರ ಆಗೋದಿತ್ತು. ಅವ್ವ, ನಾವು ಮೂರು ಜನ ಅಕ್ಕತಂಗೇರು, ಇಬ್ಬರು ಅಣ್ಣತಮ್ಮರು. ಟೈಪ್ ಮಾಡೋರು ಕರಡು ಇ-ಮೇಲ್ ಕಳಿಸಿದ್ರು. ಅಣ್ಣ ಫೋನ್ ಮಾಡಿ, "ನೀ ಪಿಯುಸಿ ಓದಿದಾಕಿ, ಬ್ಲಾಗ್ ಬರಿಯಾಕಿ, ನೀನೇ ನೋಡಿ ಸರಿ ಅನ್ನು" ಅಂದ. ನಾ ರಾತ್ರಿ ಹನ್ನೊಂದರ ತನಕ ಕುಂತು ಸಾಲು ಸಾಲು ಓದಿದೆ. ಸರ್ವೇ ನಂಬರು, ಎಕರೆ, ಗುಂಟೆ, ಚೆಕ್‌ಬಂದಿ ಎಲ್ಲಾ ಪಹಣಿ ಹಿಡಕೊಂಡು ತಾಳಿ ನೋಡಿದೆ. "ಸರಿ ಅದ" ಅಂದೆ. ಸ್ಟಾಂಪ್ ಪೇಪರ್ ಮ್ಯಾಲ ಛಾಪಾ ಆಯ್ತು. ನೋಂದಣಿ ದಿನ ಅವ್ವನ ಆಧಾರ್ ಬಾಜೂಕ ಇಟ್ಟು ನೋಡಿದ್ರ ಅವ್ವನ ಹೆಸರಿನ ಮೊದಲನೇ ಅಕ್ಷರ "ಭ" ಇರೋದು "ಬ" ಆಗ್ಯಾದ. ಒಂದು ಕಡಿ ಅಲ್ಲ, ಏಳು ಕಡಿ.

78 ವರ್ಷದ ಅವ್ವ ಏಪ್ರಿಲ್ ತಿಂಗಳ ಬಿಸಲಾಗ ಚಿತ್ತಾಪುರಕ್ಕ ಬಂದು ಬೆಂಚಿನ ಮ್ಯಾಲ ಕುಂತಿದ್ಳು. ಮತ್ತ ಹೊಸ ಕಾಗದ, ಮತ್ತ ರೊಕ್ಕ, ಮತ್ತ ಹನ್ನೆರಡು ದಿನಕ್ಕ ಬರೋದು. ಟೈಪ್ ಮಾಡಿದವರದು ತಪ್ಪು ಇತ್ತು, ಆದ್ರ ನೋಡಿ ಸರಿ ಅಂದಾಕಿ ನಾನು. ಅಣ್ಣ ಏನೂ ಅನ್ಲಿಲ್ಲ. ತಮ್ಮ ಮಾತ್ರ "ಪಿಯುಸಿ" ಅಂತ ಒಂದು ಮಾತು ಅಂದ. ಅದು ಈಗೂ ಕಿವ್ಯಾಗ ಅದ.

ಮನಿಗಿ ಬಂದು ಅದೇ ಕರಡು ಮತ್ತ ತಗದು ನೋಡಿದೆ. ಹೊಸ ಚಶ್ಮಾ ಹಾಕ್ಕೊಂಡೇ ನೋಡಿದೆ. ಖರೇ ಹೇಳ್ತೀನಿ, ನನಗ "ಭ"ನೇ ಕಾಣ್ತಿತ್ತು. ಅದೇ ಕರಡು ಫೋನಿನ್ಯಾಗ ತಗದು ಎರಡು ಬಟ್ಟಲೆ ದೊಡ್ಡದು ಮಾಡಿದೆ. "ಬ". ಢಾಳಾಗಿ "ಬ". ಅಂದ್ರ ಆ ಮಾನಿಟರ್ ನನಗ ಅಕ್ಷರ ತೋರಿಸ್ತಿದ್ದಿಲ್ಲ, ಅಕ್ಷರದ ಅಂದಾಜು ತೋರಿಸ್ತಿತ್ತು. ಅವ್ವನ ಹೆಸರು ನನಗ ಗೊತ್ತಿತ್ತು, ಅದಕ್ಕ ಉಳಿದದ್ದು ನನ್ನ ತಲಿ ತುಂಬಿಕೊಳ್ತಿತ್ತು.

ಆಗ ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ ಮಾಡೋ ಅಕ್ಕನ ಮಗಳಿಗಿ ಫೋನ್ ಹಚ್ಚಿದೆ. ಆಕಿ ಹೇಳಿದ್ದು ನನಗ ಒಂದೇ ಮಾತಿನ್ಯಾಗ ತಿಳೀತು. "ಚಿಗವ್ವ, ಸ್ಕ್ರೀನ್ ಅಂದ್ರ ಚುಕ್ಕಿ ರಂಗೋಲಿ." ಐದು ಚುಕ್ಕಿ ಇಟ್ಟು ನವಿಲು ಬರೀ ಅಂದ್ರ ಬರೀಲಾಕ ಆಗ್ತದೇನ್ರಿ? ಚೌಕ ಬರೀಬಹುದು, ಚಿಕ್ಕಿ ಬರೀಬಹುದು. ನವಿಲಿಗಿ ಹದಿನೈದರ ಚುಕ್ಕಿ ಬೇಕು. ನಮ್ಮ ಹಳೇ ಮಾನಿಟರಿನ್ಯಾಗ ಅಡ್ಡ 1366, ಉದ್ದ 768 ಚುಕ್ಕಿ, ಒಟ್ಟು ಹತ್ತೂವರಿ ಲಕ್ಷ. ಒಂದೊಂದು ಚುಕ್ಕಿ 0.30 ಮಿಲಿಮೀಟರ್. ನಾವು ಸಾದಾ ಬಳಸೋ 12 ಪಾಯಿಂಟ್ ಅಕ್ಷರಕ್ಕ ಕಂಪ್ಯೂಟರ್ ಅದರಾಗ ಕೊಡೋದು 16 ಚುಕ್ಕಿ ಎತ್ತರ. ಇಂಗ್ಲಿಷಿನ "ಎ", "ಬಿ" ಅದರಾಗ ಆರಾಮ ಕುಂದರ್ತಾವ. ಅವಕ್ಕ ತಲಿ ಮ್ಯಾಲ ಏನಿಲ್ಲ, ಕಾಲಾಗ ಏನಿಲ್ಲ. ನಮ್ಮ ಅಕ್ಷರಕ್ಕ ತಲಿಕಟ್ಟು ಬೇಕು, ಗುಡಸು ಬೇಕು, ಮೈ ಬೇಕು, ಕೆಳಗ ಒತ್ತು ಬೇಕು, "ಸ್ತ್ರೀ" ಅಂದ್ರ ಒತ್ತಿನ ಬಾಜೂಕ ಇನ್ನೊಂದು ಒತ್ತು. ಅಷ್ಟೆಲ್ಲಾ ಅದೇ 16 ಚುಕ್ಕ್ಯಾಗ. ನಾಕು ಮಂದಿ ಕುಂದ್ರೋ ಆಟೋದಾಗ ಹನ್ನೊಂದು ಮಂದಿ ತುಂಬಿದಂಗ. ಯಾರ ಕಾಲು ಯಾರದೋ ಗೊತ್ತಾಗಂಗಿಲ್ಲ.

"ಬ"ಕ್ಕೂ "ಭ"ಕ್ಕೂ, "ದ"ಕ್ಕೂ "ಧ"ಕ್ಕೂ ಇರೋ ಫರಕ ಏನು? ಸಾಲ್ಯಾಗ ಮಾಸ್ತರು ಹೇಳ್ತಿದ್ರು, ಹೊಟ್ಟಿ ಸೀಳ್ರಿ ಅಂತ. ಆ ಸೀಳಿಗಿ ಆ ಮಾನಿಟರಿನ್ಯಾಗ ಸಿಗೋದು ಒಂದು ಚುಕ್ಕಿ, ಕೆಲವೊಮ್ಮೆ ಅದೂ ಇಲ್ಲ, ಬರೇ ಬೂದಿ ಬಣ್ಣದ ಒಂದು ಕಲಿ.

ಒಂದ್ಸಲ ನಮ್ಮ ಶಹಾಬಾದ್ ಬಾಜೂಕಿನ ಮರತೂರಿನ ವಿಜ್ಞಾನೇಶ್ವರರ ಮಿತಾಕ್ಷರದ ಬಗ್ಗೆ ಒಂದು ಲೇಖನ ಓದ್ಲಾಕತ್ತಿದ್ದೆ. ವಾಟ್ನಿ ಸಲುವಾಗೇ ಓದಿದ್ದು. ಹೆಣ್ಣುಮಗಳಿಗಿ ವಾರಸದಾರಿಕೆಲೆ ಬಂದದ್ದು, ಆಕಿ ಕೊಂಡದ್ದು ಸುದ್ದಾ ಆಕಿಯ ಸ್ತ್ರೀಧನನೇ ಅಂತ ಅವರು ಸಾವಿರ ವರ್ಷದ ಹತ್ತಿರ ಹಿಂದೇ ಬರದಾರ. ನಮ್ಮ ಮಾನಿಟರಿನ್ಯಾಗ ಅದು ಹೆಂಗ ಕಾಣ್ತಿತ್ತು ಗೊತ್ತದೇನ್ರಿ? "ಸ್ತ್ರೀದನ". ಸೀಳು ಹೋಗಿ ಆಸ್ತಿ ದನ ಆಗಿತ್ತು. ಒಂದು ಚುಕ್ಕಿ ಇಲ್ಲದ್ದಕ್ಕ ಹೆಣ್ಣುಮಗಳು ಕೊಟ್ಟಿಗ್ಯಾಗ ನಿಂತಿದ್ಳು. ಮತ್ತ ನಮ್ಮ ಮಳಖೇಡ ಯಾರ ರಾಜಧಾನಿ? ರಾಷ್ಟ್ರಕೂಟರದು. ಕವಿರಾಜಮಾರ್ಗ ಹುಟ್ಟಿದ ಊರು. ಕಾಗಿಣಾ ದಂಡಿ ಮ್ಯಾಲ ಇರೋ ನಾವು "ರಾಷ್ಟ್ರಕೂಟ" ಅಂತ ಬರದ್ರ "ಷ್ಟ್ರ" ಇರೋ ಜಾಗದಾಗ ಒಂದು ಇರಬಿ ಸತ್ತು ಬಿದ್ದಂಗ ಕಾಣ್ತಿತ್ತು.

ಇದನ್ನೆಲ್ಲಾ ಮನ್ಯಾಗ ಹೇಳಿದ್ರ ಬಂದ ಉತ್ತರ ಕೇಳ್ರಿ. ಮಗ ಅಂದ, "ಅಮ್ಮ, ಕಂಟ್ರೋಲ್ ಒತ್ತಿ ಪ್ಲಸ್ ಒತ್ತು, ದೊಡ್ಡದಾಗ್ತದ." ಆಗ್ತದ ಬಿಡು. ದೊಡ್ಡದು ಮಾಡಿದ್ರ ನಾಕು ಸಾಲು ಕಾಣ್ತಾವ. ಭಿಶಿ ಲೆಕ್ಕದಾಗ ಇಪ್ಪತ್ತು ಮಂದಿ ಹೆಸರು, ಹನ್ನೆರಡು ತಿಂಗಳ ಕಾಲಂ. ಹೆಸರು ಕಂಡ್ರ ರೊಕ್ಕ ಕಾಣಂಗಿಲ್ಲ, ರೊಕ್ಕ ಕಂಡ್ರ ಹೆಸರು ಕಾಣಂಗಿಲ್ಲ. ಭಿಶಿ ನಡಸೋರಿಗಿ ಇದಕಿಂತ ಕೆಟ್ಟದ್ದು ಏನದ? ಮಗಳು ಅಂದ್ಳು, "ಫೋನಿನ್ಯಾಗ ಛಂದ ಕಾಣ್ತದಲ್ಲ, ಫೋನಿನ್ಯಾಗೇ ಮಾಡು." ಫೋನಿನ್ಯಾಗ ಛಂದ ಕಾಣ್ತದ ಅನ್ನೋದೇ ನನ್ನ ವಾದಕ್ಕ ಸಾಕ್ಷಿ, ಅಲ್ಲಿ ಅಂಗೈಯಷ್ಟು ಜಾಗದಾಗ ಹಳೇ ಮಾನಿಟರಿಗಿಂತ ಹೆಚ್ಚು ಚುಕ್ಕಿ ಇರ್ತಾವ. ಆದ್ರ ಎರಡು ಸಾವಿರ ಶಬ್ದದ ಬರಹ ಹೆಬ್ಬಟ್ಟಿಲೆ ನೀ ಒತ್ತಿ ತೋರಿಸು ಅಂದೆ, ಸುಮ್ಮಾದ್ಳು.

ನಮ್ಮನಿಯವರು ಮಾತ್ರ ಗಟ್ಟಿ. "ಕೆಟ್ಟಿಲ್ಲಲ್ಲ, ಕೆಡಲಿ, ಆಮ್ಯಾಲ ನೋಡೋಣು."

ಈಗ ನಾ ಟಿವಿ ಸುದ್ದಿಗಿ ಬರ್ತೀನಿ, ಬರದೇ ಬಿಡಂಗಿಲ್ಲ. 2025ರ ಸೆಪ್ಟೆಂಬರ್ 22ಕ್ಕ 32 ಇಂಚಿಗಿಂತ ದೊಡ್ಡ ಟಿವಿ ಮ್ಯಾಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕ ಇಳೀತು. ದಸರಾದಾಗ ನಮ್ಮ ಮನ್ಯಾಗ 55 ಇಂಚಿನ ಫೋರ್‌ಕೆ ಟಿವಿ ಬಂತು. ಹಳೇ ಟಿವಿ ಕೆಟ್ಟಿತ್ತೇನು? ಇಲ್ಲ. ಯಾರರ "ಯಾಕ ಬೇಕು" ಅಂತ ಕೇಳಿದ್ರೇನು? ಇಲ್ಲ. ನಾನೂ ಕೇಳಲಿಲ್ಲ, ಆರತಿ ಮಾಡಿದೆ.

ಲೆಕ್ಕ ನೋಡ್ರಿ. ಛಲೋ ಕಣ್ಣು ಇರೋರಿಗಿ ಹತ್ತು ಫೂಟ್ ದೂರದಿಂದ 0.9 ಮಿಲಿಮೀಟರಿಗಿಂತ ಸಣ್ಣ ಚುಕ್ಕಿ ಬ್ಯಾರೆ ಬ್ಯಾರೆ ಕಾಣಂಗಿಲ್ಲ, ಕೂಡೇ ಕಾಣ್ತಾವ. 55 ಇಂಚಿನ ಸಾದಾ ಫುಲ್ ಎಚ್‌ಡಿ ಟಿವಿ ಚುಕ್ಕಿ 0.63 ಮಿಲಿಮೀಟರ್. ಅಂದ್ರ ಸೋಫಾದಾಗ ಕುಂತು ನೋಡೋರಿಗಿ ಸಾದಾ ಟಿವಿನೇ ಕಣ್ಣಿಗಿಂತ ಮುಂದ ಅದ. ಫೋರ್‌ಕೆದಾಗ ಚುಕ್ಕಿ ಅದರ ಅರ್ಧ ಆಗ್ತದ, ಅಷ್ಟು ದೂರದಿಂದ ಭಾಳ ಮಂದಿ ಕಣ್ಣಿಗಿ ಆ ಫರಕ ಗೊತ್ತಾಗೋದು ಕಷ್ಟ. ಅದರ ಮ್ಯಾಲ ಕೇಬಲ್ಲಿನ್ಯಾಗ ಬರೋ ನಮ್ಮ ಧಾರಾವಾಹಿ ಫೋರ್‌ಕೆ ಅಲ್ಲವೇ ಅಲ್ಲ. ಈಗ ಕಂಪ್ಯೂಟರ್ ನೋಡ್ರಿ. ಕಣ್ಣಿಂದ ಎರಡು ಫೂಟ್. ಅಲ್ಲಿ 0.18 ಮಿಲಿಮೀಟರ್ ತನಕ ಕಣ್ಣು ಹಿಡೀತದ, ನಮ್ಮ ಹಳೇ ಮಾನಿಟರಿನ ಚುಕ್ಕಿ 0.30. ಅಂದ್ರ ಒಂದೊಂದು ಚುಕ್ಕಿ ಚೌಕ ಚೌಕ ಆಗಿ ಕಣ್ಣಿಗಿ ಹೊಡೀತದ. ಚುಕ್ಕಿ ಹೆಚ್ಚಾದ್ರ ಉಪಯೋಗ ಇಲ್ಲದ ಜಾಗಕ್ಕ 83 ಲಕ್ಷ ಚುಕ್ಕಿ ಬಂದ್ವು. ಉಪಯೋಗ ಇರೋ ಜಾಗದಾಗ ಹತ್ತೂವರಿ ಲಕ್ಷ ಉಳಿದ್ವು, ಯಾಕಂದ್ರ ಅಲ್ಲಿ ಕುಂದರಾಕಿ ಅಮ್ಮ. ಈ ಹಿಸಾಬು ಕಾಗದದ ಮ್ಯಾಲ ಬರದು ನಮ್ಮನಿಯವರ ಚಹಾ ಕಪ್ಪಿನ ಕೆಳಗ ಇಟ್ಟೆ. ಎರಡು ಸಲ ಓದಿದ್ರು. "ಲೆಕ್ಕ ಬರೋಬರಿ ಅದ" ಅಂದ್ರು. ಕಾರ್ಖಾನ್ಯಾಗ ಮೂವತ್ತು ವರ್ಷ ಲೆಕ್ಕಪತ್ರ ನೋಡಿದವರು, ಲೆಕ್ಕಕ್ಕ ಸುಳ್ಳು ಹೇಳಂಗಿಲ್ಲ. ರೊಕ್ಕ ಮಾತ್ರ ಕೊಡ್ತೀನಿ ಅನ್ಲಿಲ್ಲ. ಅದಕ್ಕ ಭಿಶಿ ರೊಕ್ಕ.

ಅಂಗಡಿ ಕತಿನೂ ಕೇಳ್ರಿ, ನಿಮಗ ಉಪಯೋಗ ಬೀಳ್ತದ. ಕಲಬುರಗಿಯಾಗ ಒಂದು ಅಂಗಡಿಗಿ ಹೋದ್ರ ಅಂಗಡಿಯವರು ಮೊದಲ ಕೇಳಿದ್ದು, "ಅಮ್ಮಾವ್ರ, ಮಗ ಬಂದಿಲ್ಲೇನ್ರಿ?" ಇಲ್ಲ, ನಾನೇ ಬಂದೀನಿ ಅಂದೆ. 27 ಇಂಚಿನ ಫುಲ್ ಎಚ್‌ಡಿ ತಂದಿಟ್ರು. "ನೋಡ್ರಿ, ಎಷ್ಟು ದೊಡ್ಡದು, ಹತ್ತು ಸಾವಿರದ ಒಳಗ." ಗಿಳಿ, ಹೂವು, ಸಮುದ್ರ ಓಡ್ಲಾಕತ್ತಿತ್ತು. ಗಿಳಿ ಯಾವ ಸ್ಕ್ರೀನಿನ್ಯಾಗೂ ಛಂದೇ ಕಾಣ್ತದ್ರಿ. ನಾ ಪೆನ್‌ಡ್ರೈವಿನ್ಯಾಗ ಅದೇ ವಾಟ್ನಿ ಕರಡು ಒಯ್ದಿದ್ದೆ. ಅದನ್ನ ಹಚ್ಚಿಸಿದೆ. "ಬ" ಮತ್ತ "ಭ"ನೇ ಕಾಣ್ತು! ಆಗ ಫೋನಿನ್ಯಾಗ ಗುಣಾಕಾರ ಮಾಡಿ ನೋಡಿದೆ. ಚುಕ್ಕಿ ಇಪ್ಪತ್ತು ಲಕ್ಷ ಖರೇ, ಆದ್ರ 27 ಇಂಚಿಗಿ ಹರವಿದ್ರ ಒಂದೊಂದು 0.31 ಮಿಲಿಮೀಟರ್. ನಮ್ಮ ಹಳೇದಕಿಂತ ದೊಡ್ಡ ಚುಕ್ಕಿ! ಒಂದು ಸೇರು ಹಿಟ್ಟಿನ ರೊಟ್ಟಿ ದೊಡ್ಡ ಹಂಚಿನ ಮ್ಯಾಲ ಬಡದ್ರ ಹಿಟ್ಟು ಹೆಚ್ಚಾಗ್ತದೇನು? ಭಾಳ ಮಂದಿ ಇಲ್ಲೇ ಮೋಸ ಹೋಗ್ತಾರ. ಇಂಚು ಕೇಳ್ತಾರ, ಚುಕ್ಕಿ ಕೇಳಂಗಿಲ್ಲ.

ಆಮ್ಯಾಲ 27 ಇಂಚಿನ ಫೋರ್‌ಕೆ ಹಚ್ಚಿಸಿದೆ. ಅಡ್ಡ 3840, ಉದ್ದ 2160, ಚುಕ್ಕಿ 0.16 ಮಿಲಿಮೀಟರ್. ಕರಡು ತಗದ್ರ "ಬ" ಅಂದ್ರ "ಬ". ಅಂಗಡಿಯಾಗ ನಿಂತು ನಾ ಅವ್ವನ ಹೆಸರು ಏಳು ಕಡಿ ತಪ್ಪು ಎಣಿಸಿದೆ. ಅಂಗಡಿಯವರಿಗಿ ಏನು ನಡದದ ತಿಳೀಲಿಲ್ಲ, ಪಾಪ, ನೀರು ಕೊಟ್ರು.

ಅಷ್ಟು ರೊಕ್ಕ ಆಗಲ್ಲ ಅನ್ನೋರು 24 ಇಂಚಿನ್ಯಾಗ 2560 ಅಡ್ಡ, 1440 ಉದ್ದ ಚುಕ್ಕಿ ಇರೋದು ಕೇಳ್ರಿ, 0.21 ಮಿಲಿಮೀಟರ್ ಬೀಳ್ತದ. ಅಂಗಡಿಯಾಗ ಇಲ್ಲಂದ್ರ ತರಸ್ಕೊಡ್ತಾರ.

ಮನಿಗಿ ತಂದ ದಿನ ಒಂದು ಫಜೀತಿ ಆಯ್ತು, ಅದನ್ನೂ ಮುಚ್ಚಿಡಂಗಿಲ್ಲ. ಹಳೇ ನೀಲಿ ಮೂತಿ ವಿಜಿಎ ವಾಯರು ಇದಕ್ಕ ಬರಂಗಿಲ್ಲ. ಎಚ್‌ಡಿಎಂಐ ಹಾಕಿದ್ರ ನಮ್ಮ ಕಂಪ್ಯೂಟರ್ ಹಳೇದು, ಸೆಕೆಂಡಿಗಿ 30 ಸಲ ಅಷ್ಟೇ ಚಿತ್ರ ಕಳಸ್ತಿತ್ತು, ಮೌಸಿನ ಬಾಣ ಕುಂಟಕೋತ ಹೋಗ್ತಿತ್ತು. ಹಿಂದ ಡಿಸ್‌ಪ್ಲೇ ಪೋರ್ಟ್ ಅನ್ನೋ ತೂತು ಇತ್ತು, ಅದಕ್ಕ ವಾಯರು ಹಾಕಿದ ಮ್ಯಾಲ 60 ಬಂತು. ತಗೊಳ್ಳೋ ಮೊದಲ ನಿಮ್ಮ ಕಂಪ್ಯೂಟರಿನ ಹಿಂದಿನ ಫೋಟೋ ತಗದು ಅಂಗಡಿಗಿ ಒಯ್ರಿ. ಆಮ್ಯಾಲ ಹಚ್ಚಿ ನೋಡಿದ್ರ ಅಕ್ಷರ ಎಲ್ಲಾ ಗಸಗಸಿ. ನಮ್ಮನಿಯವರಿಗಿ ಎಲ್ಲಿಲ್ಲದ ಖುಷಿ, "ನೋಡು, 22 ಸಾವಿರ ಕೊಟ್ಟು ಅಕ್ಷರ ಸಣ್ಣ ಮಾಡಿಕೊಂಡಿ!" ಇಲ್ಲಿ ಭಾಳ ಮಂದಿ ಸೆಟ್ಟಿಂಗಿನ್ಯಾಗ ಚುಕ್ಕಿನೇ ಕಮ್ಮಿ ಮಾಡಿಬಿಡ್ತಾರ, 83 ಲಕ್ಷಕ್ಕ ಕೊಟ್ಟ ರೊಕ್ಕ 20 ಲಕ್ಷಕ್ಕ ಇಳೀತದ. ಹಂಗ ಮಾಡಬಾರದು. ಚುಕ್ಕಿ ಪೂರಾ ಇರಲಿ, ಅದರ ಮ್ಯಾಲೇ ಇರೋ "ಸ್ಕೇಲ್" ಅನ್ನೋದು ಶೇಕಡಾ 150 ಮಾಡ್ರಿ. ಆಗ ಅದೇ ಅಕ್ಷರಕ್ಕ 16ರ ಬದಲಿ 24 ಚುಕ್ಕಿ ಎತ್ತರ ಸಿಗ್ತದ. ಇನ್ನೂ ದೊಡ್ಡದು ಬೇಕಂದ್ರ 200 ಮಾಡ್ರಿ, 32 ಆಗ್ತದ. ನಾ 175ಕ್ಕ ಇಟ್ಟೀನಿ. ಹಳೇ ಟೈಪಿಂಗ್ ಸಾಫ್ಟ್‌ವೇರ್ ಕೆಲವು ಹಿಂಗ ದೊಡ್ಡದು ಮಾಡಿದ್ರ ಮಸಕಾಗ್ತಾವ, ಅದು ಖರೇ. ಹೊಸ ಸಾಫ್ಟ್‌ವೇರಿನ್ಯಾಗ ಬರಿಯೋರಿಗಿ ಆ ತ್ರಾಸ ಕಮ್ಮಿ.

ಹಳೇ ಮಾನಿಟರ್ ಬಿಸಾಕಿಲ್ಲ. ಸೇಡಂದಾಗ ಮೈದುನನ ಕಿರಾಣಿ ಅಂಗಡಿಯಾಗ ಸಿಸಿಟಿವಿಗಿ ಹಚ್ಯಾರ. ಅಂಗಡಿಗಿ ಯಾರು ಬಂದ್ರು ಯಾರು ಹೋದ್ರು ನೋಡ್ಲಾಕ ಅದು ಭೇಷ್ ಅದ. ಅಲ್ಲಿ ಯಾವ ಅಕ್ಷರಕ್ಕೂ ಹೊಟ್ಟಿ ಸೀಳೋದಿಲ್ಲ.

ತಲಿ ನೋವು ಪೂರಾ ಹೋಗ್ಯಾದ ಅಂತ ಹೇಳಂಗಿಲ್ಲ. ಬಿಟ್ಟೂಬಿಡದ ಎರಡು ತಾಸು ಕುಂತ್ರ ಈಗೂ ಕಣ್ಣು ಉರೀತಾವ, ಎದ್ದು ಹೋಗಿ ತುಳಸಿ ಗಿಡ ನೋಡಿ ಬರ್ತೀನಿ. ಆದ್ರ ಓದಿದ್ದು ಮತ್ತ ಮತ್ತ ಓದೋದು ತಪ್ಪ್ಯಾದ. ಈ ಸರ್ತಿ ಭಿಶಿ ಪಟ್ಟಿಯಾಗ ನಾ ಮೂರು ವರ್ಷಲಿಂದ "ಪದ್ಮ" ಅಂತ ಬರದಾಗ "ಮ" ಒತ್ತಿನ ಬದಲಿ "ನ" ಒತ್ತು ಕೊಟ್ಟು "ಪದ್ನ" ಮಾಡಿದ್ದು ಸಿಕ್ಕದ. ಆ ಅಕ್ಕೋರೂ ಅದೇ ಹಾಳಿ ಪ್ರತಿ ತಿಂಗಳ ನೋಡ್ತಿದ್ರು, ಅವರೂ ಏನೂ ಅನ್ಲಿಲ್ಲ. ಅವರ ಮನ್ಯಾಗೂ ಹಳೇದೇ ಇರಬೇಕು.

ಹಿಂಗಾಗಿ ವೈನಿ, "ನಿಮಗ್ಯಾಕ ಬೇಕಾಗಿತ್ತು" ಅಂತ ಕೇಳಿದ್ರಲ್ಲ, ನೀವು ಕೇಳಬೇಕಾದ್ದು ನನಗಲ್ಲ. ನಿಮ್ಮ ಮನ್ಯಾಗ ಸೊಸಿ ಆಂಗನವಾಡಿ ವರದಿ ತುಂಬೋ ಲ್ಯಾಪ್‌ಟಾಪ್ ನಾ ನೋಡೀನಿ. ಕಣ್ಣು ಸಣ್ಣ ಮಾಡಿ, ಮೂಗು ಸ್ಕ್ರೀನಿಗಿ ಹಚ್ಚಿ ಕುಂದರ್ತಾಳ ಆಕಿ. ಅದರ ಬಾಜೂಕಿನ ಗ್ವಾಡಿ ಮ್ಯಾಲ ನಿಮ್ಮದೂ ಒಂದು 55 ಇಂಚಿನ ಟಿವಿ ಅದ. ಅದಕ್ಕ ಎಷ್ಟು ಕೊಟ್ಟೀರಿ ಅಂತ ನಾ ಯಾರ ಮುಂದೂ ಕೇಳಿಲ್ಲ.

ಮತ್ತ ಇನ್ನೊಂದು ಮಾತು. ಕಾಲೋನ್ಯಾಗ ಯಾರದರ ಪತ್ರ, ಪಹಣಿ, ವಾರಸಾ ಕಾಗದ ಟೈಪ್ ಆಗಿ ಬಂದಿದ್ರ, ಸ್ಟಾಂಪ್ ಪೇಪರಿಗಿ ಹಾಕೋ ಮೊದಲ ಒಮ್ಮೆ ನಮ್ಮ ಮನಿಗಿ ತರ್ರಿ. ಕಾಗದ ಬ್ಯಾಡ, ಕರಡು ಪೆನ್‌ಡ್ರೈವಿನ್ಯಾಗ ತರ್ರಿ. ಆಧಾರೂ ಜೋಡಿ ತರ್ರಿ, ಹೆಸರು ತಾಳಿ ನೋಡೋಣು. ಮಧ್ಯಾಹ್ನ ಮೂರರ ಮ್ಯಾಲ ಬಂದ್ರ ನಾ ಖಾಲಿ ಇರ್ತೀನಿ, ಗುರುವಾರ ಒಂದು ಬಿಟ್ಟು.